ನೆತ್ತಿಯ ವಾಸನೆ

ಹೊನ್ನಾಳಿಯ ಹೊಳೆದಂಡೆ ಕೇರಿಗೆ ಮೂಗು ಮುಚ್ಚಿಕೊಂಡು ಬರುವವರನ್ನು ಕಂಡರೆ ಭೀಮಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೇರಿಯ ಮೇಲ್ಗಡೆ ಅಕ್ಕಿ ಗಿರಣಿ, ಕೆಳಗಡೆ ತೊಗಲು ಹದ ಮಾಡುವ ಕಾರ್ಖಾನೆ, ನಡುವೆ ಇವರ ಗುಡಿಸಲುಗಳು. ಗಿರಣಿಯ ಬೂದಿ ಉಣ್ಣುವ ತಟ್ಟೆಗೆ ಬೀಳುತ್ತಿತ್ತು, ಕಾರ್ಖಾನೆಯ ಸುಣ್ಣದ ನೀರು ಹೊಳೆಗೆ ಹೋಗುತ್ತಿತ್ತು. ಯುದ್ಧ ಶುರುವಾದ ಮೇಲಂತೂ ಸಿಪಾಯಿಗಳ ಬೂಟಿಗೆ ಎಷ್ಟು ತೊಗಲು ಕೊಟ್ಟರೂ ಸಾಲದು. ಸುಣ್ಣದ ಗುಂಡಿಯಿಂದ ತೆಗೆದ ತೊಗಲಿನ ಕೂದಲು ಕೆರೆಯುವುದು ಭೀಮಕ್ಕನ ಕೆಲಸ. ನಾತವಂತೆ ನಾತ! ಅವಳಿಗೆ ಯಾವ ನಾತವೂ ಬರುತ್ತಿರಲಿಲ್ಲ. ಗಂಡ ತೀರಿಕೊಂಡಾಗ ಅಳುವೂ ಬರಲಿಲ್ಲ. ಮಣ್ಣು ಮಾಡಿ ಬಂದು, ಮರುದಿನ ಕೆರೆಯಲು ಕೂತಳು.

ಒಬ್ಬಳೇ ಮಗಳು ಬಂಗಾರಿಯನ್ನು ಜಗಳೂರಿಗೆ ಕೊಟ್ಟಿದ್ದಳು. ತೊಗಲು ಹದ ಮಾಡಲು ಬೇಕಾದ ತಂಗಡಿ ತೊಗಟೆಯನ್ನು ಆ ಸೀಮೆಯಿಂದ ಗಾಡಿಯಲ್ಲಿ ತರುತ್ತಿದ್ದ ಜುಂಜಪ್ಪನೇ ಸಂಬಂಧ ಕುದುರಿಸಿದ್ದು. ಈಗ ಚೊಚ್ಚಲ ಬಸುರಿ ತವರಿಗೆ ಬಂದಳು. ಬಂದವಳು ಹೊಸ್ತಿಲಲ್ಲೇ ವಾಂತಿ ಮಾಡಿಕೊಂಡಳು.

"ಅವ್ವಾ, ಈ ನಾತದಾಗೆ ಹೆಂಗೆ ಇರ್ತೀಯೇ?"

"ಇದರಾಗೇ ನೀನು ಹುಟ್ಟಿದ್ದು ಕಣೇ. ಜಗಳೂರಿಂದ ಹೊಸ ಮೂಗು ತಂದ್ಯೇನು?"

"ನಾನು ಇಲ್ಲಿ ಹಡೆಯಾಕೆ ಆಗಲ್ಲ. ಅತ್ತೆ ಮನೆಗೇ ಹೋಗ್ತೀನಿ."

ಭೀಮಕ್ಕನಿಗೆ ಚಿಂತೆ ಹತ್ತಿತು. ಚೊಚ್ಚಲ ಬಾಣಂತನ ಮಾಡದೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಐದು ತಿಂಗಳಾದರೂ ಗುಡಿಸಲಲ್ಲಿ ಇನ್ನೊಂದು ದನಿ ಇರಲಿ ಎಂಬ ಆಸೆ ಅವಳದು. ಸಂತೆಯಿಂದ ಲೋಬಾನ ತಂದು ಕೆಂಡಕ್ಕೆ ಹಾಕಿದಳು. ಎಷ್ಟು ಹಾಕಿದರೆ ಸಾಕೆಂದು ಮೂಗಿಗೆ ಗೊತ್ತಾಗಬೇಕಲ್ಲ! ಹಿಡಿಹಿಡಿ ಸುರಿದು, ಗುಡಿಸಲೆಲ್ಲ ಹೊಗೆಯಾಗಿ, ಬಸುರಿ ಕೆಮ್ಮುತ್ತಾ ಅಂಗಳಕ್ಕೆ ಓಡಿದಳು. ಪಕ್ಕದ ಮನೆಯ ಮುದುಕಿ ಗಾದ್ರಮ್ಮ ಬಿದ್ದು ಬಿದ್ದು ನಕ್ಕಳು.

"ಸುಮ್ಕಿರೇ ಭೀಮಿ. ನಾಕು ದಿನ ಹೋದ್ರೆ ತಾನೇ ಸರಿಹೋಗ್ತೈತೆ."

ಸರಿಹೋಯಿತು. ಹೆಣ್ಣು ಮಗು ಹುಟ್ಟುವ ಹೊತ್ತಿಗೆ ಬಂಗಾರಿ ಮೂಗಿಗೆ ಸೆರಗು ಹಿಡಿಯುವುದನ್ನು ಬಿಟ್ಟಿದ್ದಳು. ತೊಗಲಿನ ಗಾಡಿ ಬಾಗಿಲ ಮುಂದೆ ಹೋಗುತ್ತಿದ್ದರೂ ಕೂತು ಉಣ್ಣುತ್ತಿದ್ದಳು. ಗೆದ್ದೆ ಅಂದುಕೊಂಡಳು ಭೀಮಕ್ಕ. ತನ್ನ ಹಳೇ ಸೀರೆಗಳನ್ನು ಸೇರಿಸಿ ಮೊಮ್ಮಗಳಿಗೆ ಕೌದಿ ಹೊಲಿದಳು.

ಒಂದು ದಿನ ಜುಂಜಪ್ಪ ಮಗು ನೋಡಲು ಬಂದ. ಎತ್ತಿಕೊಂಡು ನೆತ್ತಿ ಮೂಸಿದ.

"ಎಂಥಾ ವಾಸನೆ ಅಕ್ಕಾ! ಎಳೆ ಮಗಿನ ನೆತ್ತಿ ಘಮ್ ಅಂತೈತೆ ನೋಡ್ರಿ."

ಅವನು ಹೋದ ಮೇಲೆ ಭೀಮಕ್ಕ ಮಗುವಿನ ನೆತ್ತಿಗೆ ಮೂಗಿಟ್ಟು ಉಸಿರೆಳೆದುಕೊಂಡಳು. ಏನೂ ಇಲ್ಲ. ಇನ್ನೊಮ್ಮೆ ಎಳೆದುಕೊಂಡಳು. ತನ್ನ ಮೂಗು ಸತ್ತದ್ದೆಂದು ಗೊತ್ತಿದ್ದದ್ದೇ. ಮಗುವನ್ನು ಮಗಳ ಕೈಗೆ ಕೊಟ್ಟಳು.

"ನೀನು ಮೂಸು."

ಬಂಗಾರಿ ಮೂಸಿದಳು. "ಏನೂ ಬರಲ್ಲ ಕಣವ್ವಾ."

"ಹೊರಗಿನ ನಾತ?"

"ಯಾವ ನಾತ?" ಎಂದು ಬಂಗಾರಿ ಸಬ್ಬಸಿಗೆ ಸೊಪ್ಪು ಬಿಡಿಸತೊಡಗಿದಳು.

ಭೀಮಕ್ಕನಿಗೆ ಹೆದರಿಕೆಯಾಯಿತು. ಅಂಥ ಹೆದರಿಕೆ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ. ಜುಂಜಪ್ಪನ ಹಿಂದೆಯೇ ಓಡಿ, ಅಳಿಯನನ್ನು ಬರಹೇಳು ಎಂದಳು. ಬಾಣಂತನ ಅರ್ಧಕ್ಕೇ ಬಿಟ್ಟು ಕಳಿಸ್ತೀಯೇನೇ, ಜನ ಉಗೀತಾರೆ ಎಂದು ಗಾದ್ರಮ್ಮ ಬೈದಳು. ಉಗಿಯಲಿ ಎಂದಳು ಭೀಮಕ್ಕ.

ಅಳಿಯ ಬಂದ. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸು ಹೊಗೆ ಕಕ್ಕುತ್ತಾ ನಿಂತಿತ್ತು.

"ನಾನೇನು ತಪ್ಪು ಮಾಡ್ದೆ ಅವ್ವಾ? ಈಗ ಹೊಂದ್ಕೊಂಡೀನಲ್ಲ" ಎಂದು ಬಂಗಾರಿ ಅತ್ತಳು.

"ಅದಕ್ಕೇ ಕಳಿಸ್ತಿರೋದು" ಎಂದು ಭೀಮಕ್ಕ ಕೌದಿಯನ್ನು ಮಗುವಿನ ಸುತ್ತ ಬಿಗಿಯಾಗಿ ಸುತ್ತಿದಳು. "ಊರು ಮುಟ್ಟಿದ ಮೇಲೆ ದಿನಾ ಇದರ ನೆತ್ತಿ ಮೂಸು. ವಾಸನೆ ಬಂದ್ರೆ ಹೇಳಿಕಳಿಸು."

ಮುಂದಿನ ಸಲ ತೊಗಟೆ ತಂದಾಗ ಜುಂಜಪ್ಪ ಗುಂಡಿಯ ಹತ್ತಿರವೇ ಬಂದ.

"ಹಾಲಿನ ವಾಸನೆ ಬರ್ತೈತಂತೆ ಅಕ್ಕಾ, ನೆತ್ತಿ."

"ಹೌದಾ. ಮತ್ತೇನಂದ್ಲು?"

ಜುಂಜಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. "ಏನಿಲ್ಲ... ಆ ಕೌದಿ. ನಾತ ತಡೆಯಾಕೆ ಆಗಲಿಲ್ಲಂತೆ. ದನದ ಕೊಟ್ಟಿಗೆಗೆ ಹಾಕ್ಯಾಳೆ."

"ಒಳ್ಳೇದಾಯ್ತು" ಎಂದಳು ಭೀಮಕ್ಕ. ಸುಣ್ಣದ ಕೈಯನ್ನೇ ಮೂಗಿನ ಹತ್ತಿರ ತಂದು ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಮುಂದಿನ ತೊಗಲು ಎಳೆದುಕೊಂಡು ಕೆರೆಯತೊಡಗಿದಳು.