ಹದಿನೇಳನೇ ವಾರ್ಡಿನ ಜ್ವರ

ನಮ್ಮ ನಗರಸಭೆಯ ಮೀಟಿಂಗ್ ಹಾಲಿನಲ್ಲಿ ಗೋಡೆ ತುಂಬ ಊರಿನ ನಕ್ಷೆಯಿದೆ. ನೀರು, ಬೀದಿದೀಪ, ಚರಂಡಿ ಅಂತ ಐದು ವರ್ಷದ ಐದು ಆದ್ಯತೆಗಳು ಎಲ್ಲಿಗೆ ಬಂದವೆಂದು ಬೀದಿಬೀದಿಗೂ ಬಣ್ಣದ ಚುಕ್ಕಿ ಅಂಟಿಸುವುದು ನನ್ನ ಕೆಲಸ. ಮುಗಿದದ್ದಕ್ಕೆ ಹಸಿರು, ನಡೆಯುತ್ತಿರುವುದಕ್ಕೆ ಹಳದಿ, ನಿಂತುಹೋದದ್ದಕ್ಕೆ ಕೆಂಪು. ನನ್ನದು ಗುತ್ತಿಗೆ ನೌಕರಿ, ಮುಂದಿನ ತಿಂಗಳು ನವೀಕರಣ. ಹಾಗಾಗಿ ಕೆಂಪು ಕಾಣದಂತೆ ನೋಡಿಕೊಳ್ಳುವುದೂ ನನ್ನ ಕೆಲಸವೇ, ಯಾರೂ ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.

ಹದಿನೇಳನೇ ವಾರ್ಡಿನ ಕೊನೇ ಗಲ್ಲಿಯ ನೀರಿನ ಚುಕ್ಕಿ ಹದಿನಾಲ್ಕು ತಿಂಗಳಿಂದ ಹಳದಿ. ಪೈಪು ಹೂತಿದ್ದಾರೆ, ಮನೆಮನೆಗೂ ನಲ್ಲಿ ಕೂರಿಸಿದ್ದಾರೆ, ನೀರು ಮಾತ್ರ ಬಂದಿಲ್ಲ. ಅದು ನಮ್ಮದೇ ಗಲ್ಲಿ.

ಮಧ್ಯಾಹ್ನ ಇಂಜಿನಿಯರ್ ಮುರಳಿಮೋಹನ್ ಬಂದರು. "ನಾಳೆ ರಿವ್ಯೂ ಇದೆ ತನುಜಮ್ಮ. ನಲ್ಲಿ ಹಾಕಾಯ್ತಲ್ಲ, ಹಸಿರು ಅಂಟಿಸ್ಬಿಡು. ಫೈಲ್ ಕ್ಲೋಸ್ ಮಾಡ್ತೀನಿ."

"ನೀರು ಸಾರ್?"

"ನಮ್ಮ ಟಾರ್ಗೆಟ್ ನಲ್ಲಿ ಕಣಮ್ಮ, ನೀರಲ್ಲ."

ಮುಚ್ಚಿದ ಫೈಲನ್ನು ಮತ್ತೆ ತೆರೆದವರನ್ನು ನಾನಂತೂ ಕಂಡಿಲ್ಲ.

ಅವರು ಹೋದ ಮೇಲೆ ಫ್ಯಾನಿನ ಗಾಳಿಗೆ ಕಣ್ಣು ಎಳೆಯಿತು. ನಕ್ಷೆಯ ಹಸಿರು ಚುಕ್ಕಿಗಳು ಮೆಲ್ಲಗೆ ಹಿಪ್ಪುನೇರಳೆ ಸೊಪ್ಪಾದವು. ನಾನು ಆ ಬೀದಿಗಳಲ್ಲಿ ನಡೆಯುತ್ತಿದ್ದೆ. ಮೇಲೂರಿನ ನಮ್ಮ ಹುಳು ಮನೆಯಲ್ಲಿ ಚಿಕ್ಕಂದಿನಲ್ಲಿ ಕೇಳಿದ ಸದ್ದು ಎಲ್ಲೆಡೆ ಇತ್ತು, ಸಾವಿರಾರು ರೇಷ್ಮೆ ಹುಳು ಸೊಪ್ಪು ಮೇಯುವಾಗಿನ ಸೋನೆ ಮಳೆಯಂಥ ಸದ್ದು. ದೀಪಗಳು ಹಗಲಲ್ಲೇ ಉರಿಯುತ್ತಿದ್ದವು, ಚರಂಡಿಗಳಲ್ಲಿ ತಿಳಿನೀರು. ನಮ್ಮ ಗಲ್ಲಿಯ ತಿರುವಿಗೆ ಬಂದಾಗ ಸದ್ದು ನಿಂತಿತು. ಎಚ್ಚರವಾದಾಗ ಬಾಯಿ ಒಣಗಿತ್ತು.

ಸಂಜೆ ಮನೆಗೆ ಹೋದರೆ ಅಜ್ಜಿ ಓಬಳಮ್ಮ ಎಂದಿನಂತೆ ಖಾಲಿ ಬಿಂದಿಗೆ ಇಟ್ಟುಕೊಂಡು ನಲ್ಲಿಗೆ ಕಿವಿಗೊಟ್ಟು ಕೂತಿದ್ದಳು.

"ಏನಂತದೆ ನಮ್ಮ ನಲ್ಲಿ?"

"ಜ್ವರಕ್ಕೆ ಕೂತಿದೆ ಅಜ್ಜಿ."

ಇದು ನಮ್ಮಿಬ್ಬರ ಹಳೇ ತಮಾಷೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಪ್ರತಿ ಸಲವೂ ಅದಕ್ಕೆ ಮುಂಚೆ ತಲೆಯೆತ್ತಿ, ಮೇವು ಬಿಟ್ಟು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತೇವೆ. ಮುಟ್ಟಬಾರದು, ತಾನೇ ಏಳುತ್ತದೆ. ದಿನಾ ನಗುತ್ತಿದ್ದ ಅಜ್ಜಿ ಇವತ್ತು ನಗಲಿಲ್ಲ.

"ಜ್ವರ ಎಷ್ಟೊತ್ತಮ್ಮ ಇರ್ತದೆ?"

"ಒಂದು ದಿನ. ನಾಲ್ಕನೇ ಜ್ವರ ಆದ್ರೆ ಒಂದೂವರೆ."

"ಆಮೇಲೂ ಏಳ್ದಿದ್ರೆ?"

ನಾನು ಖಾಲಿ ಬಿಂದಿಗೆ ಎತ್ತಿ ಪಕ್ಕಕ್ಕಿಟ್ಟೆ. ಅಜ್ಜಿಯೇ ಹೇಳಿದಳು.

"ತಟ್ಟೆಯಿಂದ ಎತ್ತಿ ಆಚೆ ಹಾಕ್ತೀವಿ. ಇಲ್ದಿದ್ರೆ ಪಕ್ಕದ ಹುಳಾನೂ ಕೆಡ್ತದೆ. ಸತ್ತಿದ್ದನ್ನ ಸತ್ತಿದೆ ಅನ್ನೋಕೆ ಏನೇ ಕಷ್ಟ ನಿಂಗೆ?"

ನಾಚಿಕೆಯಾಯಿತು. ಹಸಿರು ಅಂಟಿಸೆಂದ ಮುರಳಿಮೋಹನ್‌ರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಹದಿನಾಲ್ಕು ತಿಂಗಳು ಹಳದಿ ಅಂಟಿಸಿಟ್ಟವಳು ನಾನೇ ಅಲ್ಲವೆ?

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಹಳದಿ ಚುಕ್ಕಿ ಕಿತ್ತೆ. ಕೆಂಪು ಚುಕ್ಕಿಗಳ ಹಾಳೆಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಹರಿದೇ ಇರಲಿಲ್ಲ. ಉಗುರಿನಿಂದ ಹರಿದು, ನಮ್ಮ ಗಲ್ಲಿಗೆ ಒಂದು ಕೆಂಪು ಅಂಟಿಸಿದೆ.

ಸಭೆಯಲ್ಲಿ ಕಮಿಷನರ್ ಸಾಹೇಬರ ಕಣ್ಣು ನೇರ ಅದಕ್ಕೇ ಹೋಯಿತು. "ಏನಿದು?"

ಮುರಳಿಮೋಹನ್ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ.

"ಜ್ವರ ಅಂದ್ಕೊಂಡಿದ್ದೆ ಸಾರ್. ಸತ್ತು ಹದಿನಾಲ್ಕು ತಿಂಗಳಾಗಿದೆ."

ಕಮಿಷನರ್ ಹೊರಗಿನವರು, ಅರ್ಥವಾಗಲಿಲ್ಲ. ಆದರೆ ಹಾಲಿನಲ್ಲಿ ಕೂತವರೆಲ್ಲ ಹುಳು ಮನೆಗಳಲ್ಲಿ ಬೆಳೆದವರು. ಯಾರೂ ನಗಲಿಲ್ಲ. ಸದಸ್ಯ ಗಂಗುಲಪ್ಪನವರು ಕಾಫಿ ಲೋಟ ಕೆಳಗಿಟ್ಟು, "ಆ ಫೈಲ್ ತರಿಸಿ ಸಾರ್," ಅಂದರು.

ನಾನು ಫೈಲ್ ಬರುವವರೆಗೂ ಕೂರಲಿಲ್ಲ.