ಹರ್ಷಿತಾಳ ಕೆನ್ನೆ

ಹಿಂದೂಪುರದ ಲೇಸರ್ ಸೆಂಟರಿನಲ್ಲಿ ಯಶೋದಾ ಐದು ವರ್ಷದ ಮಗಳು ಹರ್ಷಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಎಡಗೆನ್ನೆಯಿಂದ ಕಣ್ಣಿನ ರೆಪ್ಪೆಯವರೆಗೆ ಹುಟ್ಟಿನಿಂದಲೇ ಬಂದ ನೇರಳೆಗೆಂಪು ಮಚ್ಚೆ. "ಬಸುರೀಲಿ ಗ್ರಹಣದ ದಿನ ಹೊರಗೆ ಓಡಾಡ್ಬುಟ್ಲು, ಅದಕ್ಕೇ ಹಿಂಗಾಯ್ತು" ಎಂದು ಅತ್ತೆ ಗೌರಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಕೇಳಿ ಕೇಳಿ ಯಶೋದಾಳಿಗೂ ಅದು ನಿಜವೆನ್ನಿಸಿತ್ತು. ಮಚ್ಚೆ ಹೋದರೆ ತನ್ನ ತಪ್ಪೂ ಅಳಿಸಿಹೋಗುತ್ತದೆಂದು ಮನೆಯಲ್ಲಿ ಯಾರಿಗೂ ಹೇಳದೆ ಬಂದಿದ್ದಳು.

ಸಹಿ ಹಾಕಬೇಕಾದ ಹಾಳೆಯಲ್ಲಿ ಬೊಬ್ಬೆ, ಗಾಯದ ಕಲೆ ಎಂಬ ಮಾತುಗಳಿದ್ದವು.

"ಇದೇನ್ ಸಾರ್?"

"ಏಮೀ ಕಾದಮ್ಮಾ, ಏನೂ ಆಗಲ್ಲ. ಎಲ್ಲರ ಹತ್ರಾನೂ ಬರೆಸ್ಕೊಳ್ಳೋದೇ. ಮೂರು ಸಿಟ್ಟಿಂಗಿಗೆ ಮಚ್ಚೆ ಮಾಯ" ಎಂದ ಲೇಸರ್ ಬಿಡುವವನು.

ಸಹಿ ಹಾಕಿದಳು. ಮೊದಲ ದಿನ ಕೆನ್ನೆಯ ಒಂದು ಅಂಚಿಗೆ ಮಾತ್ರ ಲೇಸರ್ ಬಿಟ್ಟರು. ಮರುದಿನ ಅಲ್ಲಿ ಬೊಬ್ಬೆಯೆದ್ದು, ಒಡೆದು, ನೀರು ಸೋರಿತು. ಮಗು ಅನ್ನ ಅಗಿಯಲಾರದೆ ಅಳುತ್ತಿತ್ತು. ಫೋನು ಮಾಡಿದರೆ, "ಮಾಮೂಲಿ ಅದು. ಮುಂದಿನ ವಾರ ಕಣ್ಣಿನವರೆಗೂ ಮಾಡಿಬಿಡೋಣ" ಎಂದ. ಯಶೋದಾ ಫೋನು ಇಟ್ಟಳು. ತನ್ನ ತವರು ಕಲ್ಯಾಣದುರ್ಗದಲ್ಲಿ ಚರ್ಮದ ಡಾಕ್ಟರೊಬ್ಬರು ಇರುವುದು ನೆನಪಾಗಿ ಹೊರಟಳು.

"ಮಗೀನ ಮುಖ ಸುಡಿಸ್ಕೊಂಡು ಬಂದ್ಬುಟ್ಟೆ. ಇನ್ನೇನ್ ಮಾಡಿಸ್ತೀಯೋ, ನಾನೂ ಬತ್ತೀನಿ" ಎಂದು ಗೌರಕ್ಕನೂ ಬಸ್ಸು ಹತ್ತಿದಳು.

ಡಾಕ್ಟರ್ ಸ್ನೇಹಲತಾ ಗಾಯಕ್ಕೆ ಮುಲಾಮು ಹಚ್ಚಿ, ಮಚ್ಚೆಯನ್ನು ಬಹಳ ಹೊತ್ತು ನೋಡಿದರು. "ಲೇಸರ್ ಕೆಟ್ಟದ್ದಲ್ಲಮ್ಮ. ಆದ್ರೆ ಇದಕ್ಕೆ ತಕ್ಕ ಮಷೀನು ಇರ್ಬೇಕು, ತಿಳಿದೋರು ಮಾಡ್ಬೇಕು. ಆಗ್ಲೂ ಕಲೆ ಉಳೀಬಹುದು, ಚರ್ಮ ಕಪ್ಪಾಗ್ಬಹುದು, ಬಿಳಿಚ್ಕೋಬಹುದು. ಪೂರ್ತಿ ಹೋಗುತ್ತೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಮಚ್ಚೆ ರೆಪ್ಪೆ ಮೇಲೂ ಇದೆ, ಹಂಗಿದ್ರೆ ಕೆಲವು ಮಕ್ಕಳಿಗೆ ಕಣ್ಣೊಳಗೆ ಒತ್ತಡ ಏರುತ್ತೆ. ಮೊದ್ಲು ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿ."

"ಕಣ್ಣಿಗೂ ತೊಂದ್ರೆನಾ? ಎಲ್ಲ ನನ್ನಿಂದಾನೇ ಮೇಡಂ. ಗ್ರಹಣದ ದಿನ ನಾನು..." ಯಶೋದಾ ಮಗುವನ್ನು ಎದೆಗೊತ್ತಿಕೊಂಡಳು.

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೊಟ್ಟೇಲಿದ್ದಾಗ್ಲೇ ರಕ್ತನಾಳ ಹಿಂಗೆ ಬೆಳೆದಿದೆ. ನೀವು ಏನೋ ಮಾಡಿದ್ದಕ್ಕೆ ಬಂದಿದ್ದಲ್ಲ."

"ಅದೆಂಗಮ್ಮ? ನಮ್ಮ ಹಿರೀಕರು ಸುಮ್ಸುಮ್ನೆ ಹೇಳ್ತಿದ್ರಾ?" ಎಂದಳು ಗೌರಕ್ಕ.

"ಅವರಿಗೆ ಗೊತ್ತಿದ್ದಷ್ಟು ಹೇಳಿದ್ರು ಅಜ್ಜಿ. ನಾನೂ ಬಸುರೀಲಿ ಗ್ರಹಣದ ದಿನ ಇಲ್ಲೇ ಕೂತು ಪೇಶೆಂಟ್ ನೋಡ್ದೆ. ನನ್ನ ಮಗ ಚೆನ್ನಾಗೇ ಇದಾನೆ."

ಗೌರಕ್ಕ ಮೊಮ್ಮಗಳ ಕೆನ್ನೆಯ ಸುಟ್ಟ ಗಾಯವನ್ನು ಬಗ್ಗಿ ನೋಡಿದಳು. ವಾಪಸು ಬಸ್ಸಿನಲ್ಲಿ ಕಣ್ಣಾಸ್ಪತ್ರೆಯ ಚೀಟಿ ಹಿಡಿದು ಯಶೋದಾ ಕಿಟಕಿಯ ಪಕ್ಕ ಕೂತಿದ್ದಳು. ಮುಂದಿನ ಸೀಟಿನ ಹೆಂಗಸು ತಿರುಗಿ ಮಗುವನ್ನು ನೋಡಿ, "ಅಯ್ಯೋ, ಗ್ರಹಣದ ಮಚ್ಚೇನಾ?" ಎಂದಳು. ಯಶೋದಾ ತಲೆ ತಗ್ಗಿಸಿದಳು.

ಗೌರಕ್ಕ ಮಗುವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಗ್ರಹಣದ್ದಲ್ಲ ಕಣಮ್ಮ. ಅದು ಹುಟ್ಟಿನಿಂದಲೇ ಬಂದಿದ್ದು, ಯಾರ ತಪ್ಪೂ ಅಲ್ಲ. ಪಕ್ಕದಾಗೆ ಸುಟ್ಟಿದೆ ನೋಡು, ಇದು ಮಾತ್ರ ನನ್ನ ಬಾಯಿಂದ ಆಗಿದ್ದು."