ಟೊಳ್ಳು ಬೇರು

ಕುಮುದಿನಿಗೆ ಕಾಲೇಜಿನ ಎರಡನೆಯ ವರ್ಷ ಸಿಗಲಿಲ್ಲ. ಬಾಗಲಕೋಟೆಯಲ್ಲಿ ಇಂಟರ್ ಸೈನ್ಸಿನ ಮೊದಲ ವರ್ಷ ಮುಗಿಸಿ ರಜೆಗೆ ಕಮತಗಿಗೆ ಬಂದವಳನ್ನು ತಂದೆ ಪಂಢರೀನಾಥ ಮಾಸ್ತರರು ಮತ್ತೆ ಕಳಿಸಲಿಲ್ಲ. ಗಂಡು ನೋಡಲು ಬರುತ್ತಾರೆ ಎಂದರು. ಬಂದವರು ಅವಲಕ್ಕಿ ತಿಂದು ಹೋದರು, ಒಪ್ಪಲಿಲ್ಲ. ಅಷ್ಟರಲ್ಲಿ ಕಾಲೇಜು ಸೇರುವ ಜೂನ್ ದಾಟಿತ್ತು.

ಅವಳ ಬಳಿ ಉಳಿದದ್ದು ಸಸ್ಯಶಾಸ್ತ್ರದ ಅರ್ಧ ತುಂಬಿದ ಜರ್ನಲ್ಲು ಮತ್ತು ಒಂದು ಭೂತಗನ್ನಡಿ. ದಿನಾ ಹತ್ತು ಗಂಟೆಗೆ ಬಾಗಲಕೋಟೆಯ ಬಸ್ಸು ಹಾರ್ನ್ ಹೊಡೆದಾಗ ಅವಳು ಒಣಹಾಕಿದ ಬಟ್ಟೆ ತೆಗೆಯಲು ಹೊರಗೆ ಬರುತ್ತಿದ್ದಳು. ಬಟ್ಟೆ ಆಗಿನ್ನೂ ಹಸಿಯಾಗಿರುತ್ತಿತ್ತು.

ಹೀಗೇ ಒಂದು ವರ್ಷ ಹೋಯಿತು. ಮರುವರ್ಷ ಶ್ರಾವಣದಲ್ಲಿ ಮಳೆ ಹದಿನೈದು ದಿನ ಬಿಡದೆ ಹೊಡೆಯಿತು. ಹಳ್ಳದ ಪಕ್ಕದ ತಗ್ಗಿನ ಎರೆಹೊಲಗಳಲ್ಲಿ ನೀರು ನಿಂತು, ಮೊಳಕಾಲೆತ್ತರದ ಜೋಳ ಹಳದಿಯಾಯಿತು. ಓಣಿಯ ರೈತ ರಾಚಪ್ಪ ಎರಡು ಗಿಡಗಳನ್ನು ಬೇರುಸಹಿತ ಕಿತ್ತುಕೊಂಡು ಮಾಸ್ತರರ ಕಟ್ಟೆಗೆ ಬಂದ.

“ಮಾಸ್ತರ್ರ, ನಿಮ್ಮ ಮಗಳು ಗಿಡದ ಶಾಸ್ತ್ರ ಓದ್ಯಾಳಲ್ಲ, ಒಂದೀಟು ನೋಡಂತ ಹೇಳ್ರಿ.”

“ಆಕೀ ಏನ್ ಹೇಳ್ತಾಳೋ ಮಾರಾಯಾ? ಒಂದು ವರ್ಷ ಕಪ್ಪೀ ಕೊಯ್ದು ಬಂದಾಳ, ಅಷ್ಟ.”

“ಕಪ್ಪಿ ಕೊಯ್ದಾಕಿಗೆ ಬೇರು ಏನ್ ಭಾರ ಬಿಡ್ರಿ! ಬಾ ತಂಗೆವ್ವಾ, ನೋಡು. ಜ್ವಾಳ ಇಡಬೇಕೋ, ಕೀಳಬೇಕೋ? ಈಗ ಕಿತ್ತರ ಹಿಂಗಾರಿಗೆ ಕಡ್ಲಿ ಬಿತ್ತಾಕ ಹೊಲಾ ಹಸನ ಆಕ್ಕೈತಿ.”

ವರ್ಷದಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಓಡಿಹೋಗಿ ತಂದೆಯ ಗಡ್ಡದ ಬ್ಲೇಡು ತಂದಳು. ಗಿಡದ ಬುಡದ ಗೆಣ್ಣಿನಿಂದ ದಪ್ಪ ಬಿಳಿ ಬೇರುಗಳು ಹೊಸದಾಗಿ ಒಡೆದಿದ್ದವು. ಒಂದನ್ನು ತೆಳ್ಳಗೆ ಅಡ್ಡ ಕೊಯ್ದು ಭೂತಗನ್ನಡಿ ಹಿಡಿದಳು. ಜರ್ನಲ್ಲಿನಲ್ಲಿ ಅವಳು ಬಿಡಿಸಿದ್ದ ಬೇರು ಒಳಗೆಲ್ಲ ತುಂಬಿಕೊಂಡಿತ್ತು. ಇದರಲ್ಲಿ ನಡುವಿನ ನಾರಿನ ಸುತ್ತ ತೂತುಗಳಿದ್ದವು, ಚಕ್ಕಡಿಯ ಗಾಲಿಯಲ್ಲಿ ಅರಗಳ ನಡುವೆ ಸಂದಿ ಇರುವ ಹಾಗೆ. ಇಂಥದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ರಾಚಪ್ಪ ಅವಳ ಬಾಯಿಯನ್ನೇ ನೋಡುತ್ತ ಕೂತಿದ್ದ. ತಂದೆಯೂ ಪತ್ರಿಕೆ ಕೆಳಗಿಟ್ಟಿದ್ದರು.

“ಒಳಗ ಕೊಳತದ ಕಾಕಾ. ತುಂಬ ತೂತು ಬಿದ್ದಾವ. ಈ ಗಿಡ ಉಳಿಯೂದಿಲ್ಲ.”

“ಖರೇನ?”

“ಖರೆ. ನೀವ ನೋಡ್ರಿ ಬೇಕಾದ್ರ.”

ರಾಚಪ್ಪ ಒಂದು ಕಣ್ಣು ಮುಚ್ಚಿ ನೋಡಿದ. “ಅಯ್ಯ ಶಿವನ! ಗೆದ್ದಲ ತಿಂದಂಗ ಆಗೈತಿ!”

ಮರುದಿನದಿಂದ ರಾಚಪ್ಪನ ಮನೆಮಂದಿ ನಾಲ್ಕು ಎಕರೆಯ ಜೋಳವನ್ನು ಕಿತ್ತು ಬದುವಿಗೆ ಒಗೆದರು. ಪಕ್ಕದ ಹೊಲ ಮುರ್ತುಜಸಾಬನದು. ಬೀಗರ ಮನೆಯ ಮದುವೆಗೆಂದು ಇಳಕಲ್ಲಿಗೆ ಹೋದ ಅವನು ಮಳೆಗೆ ಅಲ್ಲೇ ಉಳಿದುಬಿಟ್ಟಿದ್ದ. ಅವನ ಜೋಳ ನೀರಿನಲ್ಲಿ ಹಾಗೇ ನಿಂತಿತು.

ಊಟಕ್ಕೆ ಕೂತಾಗ ಮಾಸ್ತರರು ಹೇಳಿದರು, “ಮಂದಿ ನಿನ್ನ ಕೇಳಲಿಕ್ಕೆ ಬರ್ತಾರಂದ್ರ ಕಲತದ್ದು ದಂಡ ಅಲ್ಲ ನೋಡು. ಬಾಗಲಕೋಟಿ ಪ್ರೊಫೆಸರಿಗೆ ಒಂದು ಕಾಗದಾ ಬರೀತೇನಿ. ಬರೂ ಜೂನಿಗೆ ತಗೋತಾರೇನು ಕೇಳೂಣು.”

ಕುಮುದಿನಿ ಬೇಗ ಊಟ ಮುಗಿಸಿ ಎದ್ದಳು. ಆಮೇಲೆ ಕೂತು ಜರ್ನಲ್ಲಿನ ಖಾಲಿ ಹಾಳೆಗಳಿಗೆಲ್ಲ, ಕೊನೆಯದರವರೆಗೆ, ಅಂಚಿನ ಗೆರೆ ಹೊಡೆದಳು.

ಎರಡು ವಾರ ಕಳೆದವು. ನೀರು ಇಳಿಯಿತು, ಮುರ್ತುಜಸಾಬನ ಜೋಳಕ್ಕೆ ಹಸಿರು ಬಂತು. ಆ ಸುದ್ದಿಯನ್ನು ಕಟ್ಟೆಗೆ ತಂದವನು ರಾಚಪ್ಪನೇ.

“ಅವನ ನಸೀಬ ನೋಡವ್ವಾ! ಅಂವ ಇಳಕಲ್ಲಾಗ ಮದುವಿ ಊಟಾ ಹೊಡ್ಯಾಕತ್ತಿದ್ದ, ಜ್ವಾಳ ತಾನ ಎದ್ದು ನಿಂತೈತಿ. ಅವನ ಬೇರು ಗಟ್ಟಿ ಇದ್ದೂವೇನೋ.”

ಕುಮುದಿನಿ ಆ ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತಳು. ಕೊಯ್ದು ನೋಡಿದರೆ ಅವೇ ತೂತುಗಳು, ಅದೇ ಗಾಲಿ. ಒಂದು ತುಂಡನ್ನು ಸಾಲಿನಲ್ಲಿ ಉಳಿದ ನೀರಿನೊಳಗೆ ಹಿಡಿದು ಹಿಚುಕಿದಳು. ಗುಳ್ಳೆಗಳು ಎದ್ದವು. ಇನ್ನೊಂದನ್ನು ಹಿಚುಕಿದಳು, ಮತ್ತೆ ಗುಳ್ಳೆ. ಮೂಸಿ ನೋಡಿದರೆ ಕೊಳೆತ ನಾತವೇ ಇರಲಿಲ್ಲ. ಕೆಸರಿನಲ್ಲಿ ಉಸಿರು ಕಟ್ಟಿದಾಗ ಗಿಡ ತನ್ನ ಒಳಗನ್ನೇ ತೆರವು ಮಾಡಿಕೊಂಡು, ಮೇಲಿನ ಗಾಳಿಯನ್ನು ಬೇರಿನ ತುದಿಗೆ ಇಳಿಸುತ್ತಿತ್ತು. ಬದುಕುವುದಕ್ಕೆ ಮಾಡಿಕೊಂಡ ದಾರಿಯನ್ನು ಅವಳು ಸಾವು ಎಂದಿದ್ದಳು.

ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ತಾನೇ ಕಂಡುಕೊಂಡದ್ದು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರೊಫೆಸರಿಗೆ ತಂದೆ ಬರೆದಿಟ್ಟ ಕಾಗದ ಗೋಡೆಯ ಗೂಡಿನಲ್ಲಿತ್ತು, ಲಕೋಟೆ ತರುವುದೊಂದೇ ಬಾಕಿ.

ಅವಳು ಕೆಸರುಗಾಲಿನಲ್ಲೇ ಬಂದು ಕಟ್ಟೆಯ ಮುಂದೆ ನಿಂತಳು. ರಾಚಪ್ಪ ಇನ್ನೂ ಅಲ್ಲೇ ಕೂತಿದ್ದ.

“ಕಾಕಾ, ನಿಮ್ಮ ಬೇರೂ ಚಲೋನ ಇದ್ದವು. ಆ ತೂತು ಗಾಳೀ ಹಾದಿ. ನನಗ ಗೊತ್ತಿರಲಿಲ್ಲ. ಗೊತ್ತದ ಅಂತ ಹೇಳಿದೆ.”

ರಾಚಪ್ಪ ಅವಳ ಕೆಸರುಗಾಲು ನೋಡಿದ.

“ಗೊತ್ತಿಲ್ಲ ಅಂದಿದ್ರ ನಾನೂ ನಾಕ ದಿನ ಹಾದಿ ನೋಡತಿದ್ದೆ, ತಂಗಿ.” ಹೆಗಲ ವಸ್ತ್ರ ಕೊಡವಿ ಎದ್ದ. “ಇರಲಿ, ಕಡ್ಲಿ ಬರತೈತಿ. ರೊಟ್ಟಿ ಆಗೂದಿಲ್ಲ, ಅಷ್ಟ.”

ಅವನು ಹೋದ ಮೇಲೆ ಕುಮುದಿನಿ ತಂದೆಯ ಕಡೆ ತಿರುಗಿದಳು. “ಮುಂದ ಕಲತಿದ್ರ ಹಿಂಗ ಆಗ್ತಿರಲಿಲ್ಲ ಅಪ್ಪಾ. ಕಳಸ್ರಿ ನನ್ನ.”

“ಒಂದು ವರ್ಷದ ವಿದ್ಯಾದಾಗ ನಾಕು ಎಕರೆ ಕೀಳಿಸಿದಿ. ಎರಡಾದ್ರ ಊರ ಕೀಳಸ್ತೀ.”

ಕಾಗದವನ್ನು ಅವರು ಹರಿಯಲಿಲ್ಲ. ಅದರ ಹಿಂಬದಿ ಖಾಲಿ ಇತ್ತು. ಅಲ್ಲಿ ಕಿರಾಣಿ ಸಾಮಾನಿನ ಯಾದಿ ಬರೆದರು.

ರಾಶಿ ಮಾಡಿದಾಗ ಮುರ್ತುಜಸಾಬನಿಗೆ ಎಕರೆಗೆ ಮೂರು ಚೀಲ ಜೋಳ ಬಂತು. ರಾಚಪ್ಪನದು ನಾಲ್ಕು ಎಕರೆ. ಹೋದದ್ದು ಹನ್ನೆರಡು ಚೀಲ.